ಸಂಗ್ರಹವೂ ಸಂಪಾದನೆಯೂ

ಹಳೆಯ ವಸ್ತುಗಳನ್ನು ಕೂಡಿಸಿಡುವ ಹವ್ಯಾಸಕ್ಕೆ ಈಗ ನಮ್ಮ ನಗರಗಳಲ್ಲಿ ಮನ್ನಣೆ ದೊರೆತಿದೆ. ಅಜ್ಜಿಯ ಕಾಲದ ಹಂಡೆಯಲ್ಲಿ ಹೂಗಿಡ ಬೆಳೆಯುತ್ತದೆ. ಬೀಸುವ ಕಲ್ಲು ದಿವಾನಖಾನೆಯ ಅಲಂಕಾರವಾಗುತ್ತದೆ. ಯಾವುದೋ ಊರಿನ ಮನೆಯ ಕೆತ್ತನೆಯ ಕಂಬ ಇನ್ನಾವುದೋ ಊರಿನ ಉಪಾಹಾರಗೃಹದ ಬಾಗಿಲಲ್ಲಿ, ಯಾವ ಭಾರವನ್ನೂ ಹೊರದೆ, ನಿಂತಿರುತ್ತದೆ. ಇದನ್ನು ಕಂಡು ನಗುವುದು ಸುಲಭ. ಆದರೂ ಹಳೆಯದನ್ನು ಗುಜರಿಗೆ ಹಾಕುವುದಕ್ಕಿಂತ ಉಳಿಸಿಕೊಳ್ಳುವುದು ಮೇಲೆಂಬುದನ್ನು ಯಾರೂ ಅಲ್ಲಗಳೆಯಲಾರರು. ಕೇಳಬೇಕಾದದ್ದು ಬೇರೊಂದು ಮಾತು: ಹೀಗೆ ಉಳಿದದ್ದಾದರೂ ಏನು?

ಕನ್ನಡ ಸಾಹಿತ್ಯವನ್ನು ಓದಿದವರಿಗೆ ಈ ಪ್ರಶ್ನೆ ಹೊಸದಲ್ಲ. ಓಲೆಗರಿಯ ಕಟ್ಟುಗಳನ್ನು ರಾಶಿ ಹಾಕಿದ ಮಾತ್ರಕ್ಕೆ ಕಾವ್ಯ ಕೈಗೆ ಬಾರದು. ಕಟ್ಟು ಎಲ್ಲಿ ದೊರೆಯಿತು, ಪ್ರತಿ ಮಾಡಿದವರು ಯಾರು, ಬೇರೆ ಪ್ರತಿಗಳಿಗೂ ಇದಕ್ಕೂ ಏನು ಸಂಬಂಧ ಎಂದು ವಿಚಾರಿಸಿದ ಮೇಲೆಯೇ ಪಾಠನಿರ್ಣಯ. ಆ ಕೆಲಸಕ್ಕೆ ನಮ್ಮಲ್ಲಿ ಗ್ರಂಥಸಂಪಾದನೆ ಎಂದು ಹೆಸರು. ಫ. ಗು. ಹಳಕಟ್ಟಿಯವರು ವಿಜಾಪುರದಲ್ಲಿ ವಕೀಲರಾಗಿದ್ದರು. ಮನೆಮಠಗಳಲ್ಲಿ ಪೂಜೆಗೊಳ್ಳುತ್ತಿದ್ದ ಓಲೆಗಳನ್ನು ಅರಸಿ ತಂದು, ಓದಿ, ಒಪ್ಪಗೊಳಿಸಿ, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಹೊರತಂದರು, 1925ರಲ್ಲಿ ಹಿತಚಿಂತಕ ಮುದ್ರಣಾಲಯವನ್ನೇ ತೆರೆದರು. ಅವರು ಕೂಡಿಸಿಡುವುದಕ್ಕೆ ಮಾತ್ರ ತೃಪ್ತರಾಗಿದ್ದರೆ ವಿಜಾಪುರದ ಒಂದು ಕಪಾಟು ಶ್ರೀಮಂತವಾಗುತ್ತಿತ್ತು, ಕನ್ನಡ ಆಗುತ್ತಿರಲಿಲ್ಲ.

ವಸ್ತುಗಳ ವಿಷಯದಲ್ಲಿಯೂ ಅಳತೆ ಇದೇ ಆಗಬೇಕೆಂದು ನನ್ನ ಅಭಿಪ್ರಾಯ. ಉತ್ತರ ಕನ್ನಡ ಜಿಲ್ಲೆಯ ಘಟ್ಟದ ಮೇಲಿನ ಹಳಿಯಾಳ, ದಾಂಡೇಲಿ, ಜೋಯಿಡಾ, ಮುಂಡಗೋಡ ತಾಲ್ಲೂಕುಗಳಲ್ಲಿ ಇದಕ್ಕೆ ಒಳ್ಳೆಯ ನಿದರ್ಶನಗಳಿವೆ. ಈ ಕಡೆಯ ಕಾಡಂಚಿನ ಹಳ್ಳಿಗಳಲ್ಲಿ ಸಿದ್ದಿಗಳಿದ್ದಾರೆ. ಅವರ ಪೂರ್ವಿಕರಲ್ಲಿ ಹಲವರನ್ನು ಪೋರ್ತುಗೀಜರು ಆಫ್ರಿಕದಿಂದ ಗೋವೆಗೆ ಗುಲಾಮರನ್ನಾಗಿ ತಂದರು. ಸಿದ್ದಿ ಹೆಂಗಸರು ಹಳೆಯ ಸೀರೆಯೊಂದನ್ನು ಅಡಿಗೆ ಹಾಸಿ, ಸವೆದ ಬಟ್ಟೆಗಳ ತುಂಡುಗಳನ್ನು ಅಂಚಿನಿಂದ ಒಳಮುಖವಾಗಿ ಸುತ್ತುತ್ತ ಕೌದಿ ಹೊಲಿಯುತ್ತಾರೆ. ನಾಲ್ಕು ಮೂಲೆಗಳಿಗೂ ಬಟ್ಟೆಯನ್ನು ಮಡಿಚಿ ‘ಫೂಲ’ ಇಡುತ್ತಾರೆ. ಫೂಲವಿಲ್ಲದ ಕೌದಿ ಅವರ ಕಣ್ಣಿಗೆ ಬತ್ತಲೆ.

ಈ ಕೌದಿಯನ್ನು ಗೋಡೆಗೆ ತೂಗುಹಾಕಿ ನವ್ಯಚಿತ್ರವೆಂದು ಮೆಚ್ಚಬಹುದು. ಮೆಚ್ಚುವುದರಲ್ಲಿ ತಪ್ಪೇನೂ ಇಲ್ಲ. ಆದರೆ ‘ಫೂಲ’ ಎಂಬ ಮಾತನ್ನೇ ಅರಿಯದವರಿಗೆ ಮೂಲೆಯ ಆ ಪುಟ್ಟ ಮಡಿಕೆ ಕಾಣುವುದೇ ಇಲ್ಲ. ವಸ್ತು ಮನೆ ಬಿಟ್ಟಿತು. ಮಾತು ಹೊಸಿಲಲ್ಲೇ ಉಳಿಯಿತು. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕೌದಿಗಳನ್ನು ಅಲ್ಲಿಯ ಪ್ರದರ್ಶನಗಳಿಗೆ ಒಯ್ದಾಗ, ಹೊಲಿಯುವವರ ಮಾತುಗಳನ್ನೂ ಕೇಳಿ ಬರೆದುಕೊಂಡಿದ್ದರು. ದೂರದೇಶದವರು ಪಟ್ಟ ಶ್ರಮವನ್ನು ಹುಬ್ಬಳ್ಳಿಯಿಂದಲೋ ಬೆಂಗಳೂರಿನಿಂದಲೋ ಬಂದು ಕೊಳ್ಳುವ ನಾವೂ ಪಡಬಹುದಲ್ಲವೆ?

ಕಾನೂನಿದೆಯಲ್ಲ ಎಂದು ಕೆಲವರು ಹೇಳಬಹುದು. 1972ರ ಪ್ರಾಚ್ಯವಸ್ತು ಕಾಯಿದೆಯ ಪ್ರಕಾರ ನೂರು ವರ್ಷ ದಾಟಿದ ಶಿಲ್ಪ, ಚಿತ್ರ, ನಾಣ್ಯಗಳೂ, ಬೆಲೆಯುಳ್ಳದ್ದಾದರೆ ಎಪ್ಪತ್ತೈದು ವರ್ಷ ದಾಟಿದ ಹಸ್ತಪ್ರತಿಗಳೂ ಪ್ರಾಚ್ಯವಸ್ತುಗಳು. ಅವನ್ನು ಖಾಸಗಿಯವರು ಪರದೇಶಕ್ಕೆ ಸಾಗಿಸುವಂತಿಲ್ಲ. ಕಾಯಿದೆ ಅಗತ್ಯವಾದದ್ದೇ. ಆದರೆ ಅದು ಎಣಿಸುವುದು ವಯಸ್ಸನ್ನು. ದಿನವೂ ಹೊದೆಯುವ ಕೌದಿ ನೂರು ವರ್ಷ ಬಾಳುವುದುಂಟೆ? ಬಡವರ ಮನೆಯ ವಸ್ತು ಬಳಕೆಯಲ್ಲಿಯೇ ಸವೆದುಹೋಗುತ್ತದೆ. ಅದನ್ನು ಕಾಯುವ ಹೊಣೆ ಕಾನೂನಿಗಿಂತ ಹೆಚ್ಚಾಗಿ ಅಭಿರುಚಿಯದು.

ಅಂಥ ಅಭಿರುಚಿ ನಮ್ಮಲ್ಲಿ ಇಲ್ಲವೆಂದಲ್ಲ. ಬ್ಯಾಂಕಿನ ನೌಕರಿಯಲ್ಲಿದ್ದ ವಿಜಯನಾಥ ಶೆಣೈಯವರು (1934-2017) ಕೆಡವಲಿದ್ದ ಹಳೆಯ ಮನೆಗಳನ್ನು ಬಿಚ್ಚಿಸಿ ತಂದು ಮಣಿಪಾಲದಲ್ಲಿ ಮರಳಿ ನಿಲ್ಲಿಸಿದರು. ಅಲ್ಲಿ ಕುಂಜೂರಿನ ಚೌಕಿಮನೆ ಇಂದಿಗೂ ಕುಂಜೂರಿನದು, ಮಿಯಾರಿನ ಮನೆ ಮಿಯಾರಿನದು. ಊರಿನ ಹೆಸರನ್ನು ಅಳಿಸದಿರುವುದೇ ಆ ಸಂಗ್ರಹದ ದೊಡ್ಡ ಗುಣ. ಆದರೆ ಒಲೆಯಲ್ಲಿ ಬೆಂಕಿಯಿಲ್ಲದ, ತೊಟ್ಟಿಲಲ್ಲಿ ಮಗುವಿಲ್ಲದ ಮನೆ ಎಷ್ಟರಮಟ್ಟಿಗೆ ಮನೆ ಎಂಬ ಸಂದೇಹ ನೋಡುವವರನ್ನು ಕಾಡದಿರದು. ಅದು ಶೆಣೈಯವರ ಕೊರತೆಯಲ್ಲ, ಸಂಗ್ರಹವೆಂಬುದರ ಮಿತಿ.

ಬಿಚ್ಚಿ ತರುವವರಾರೂ ಇಲ್ಲದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸೂಪಾ ಸಾಕ್ಷಿ. ಕಾಳಿ ನದಿಗೆ ಕಟ್ಟಿದ ಅಣೆಕಟ್ಟಿನ ಹಿನ್ನೀರಿನಲ್ಲಿ 1980ರ ದಶಕದಲ್ಲಿ ಆ ಊರು ಮುಳುಗಿತು. ತಾಲ್ಲೂಕಿನ ಕೇಂದ್ರ ಜೋಯಿಡಾಕ್ಕೆ ಬಂತು. ಅಂಥ ಊರಿನಿಂದ ಹೊರಬಿದ್ದ ಒಂದು ಹಿತ್ತಾಳೆಯ ಸಮೆ ಅಂಗಡಿಯೊಂದರಲ್ಲಿ ಸಿಕ್ಕಿತೆನ್ನಿ. ಸೂಪಾದ ಇಂಥ ಮನೆಯದು ಎಂಬ ಚೀಟಿ ಅದರ ಜೊತೆಗಿದ್ದರೆ ಅದು ಚರಿತ್ರೆಯ ದಾಖಲೆ. ಚೀಟಿಯಿಲ್ಲದಿದ್ದರೆ ತೂಕಕ್ಕೆ ಹಾಕುವ ಹಿತ್ತಾಳೆ.

ಮುಂಡಗೋಡದಲ್ಲಿ ಇನ್ನೊಂದು ಪಾಠವಿದೆ. ನಾಡು ಬಿಟ್ಟು ಬಂದ ಟಿಬೇಟಿಯನ್ನರಿಗೆ 1966ರಲ್ಲಿ ಅಲ್ಲಿ ನೆಲೆ ದೊರೆಯಿತು. ಹದಿನೈದನೆಯ ಶತಮಾನದ ಆರಂಭದಲ್ಲಿ ಲಾಸಾದ ಬಳಿ ಹುಟ್ಟಿದ ಗಾಂದೆನ್, ದ್ರೆಪುಂಗ್ ಮಠಗಳು ಮತ್ತೆ ಇಲ್ಲಿ ಎದ್ದವು. ಕಟ್ಟಡ ಹೊಸದು, ಸುಣ್ಣಬಣ್ಣ ಹೊಸದು. ಕಲಿಯುವ ಶಾಸ್ತ್ರ ಮತ್ತು ವಾದಿಸುವ ಕ್ರಮ ಹಳೆಯವು. ವಸ್ತು ಹೋದರೂ ವಿದ್ಯೆ ಉಳಿದರೆ ವಸ್ತುವನ್ನು ಮತ್ತೆ ಮಾಡಿಕೊಳ್ಳಬಹುದು. ವಿದ್ಯೆ ಹೋದ ಮೇಲೆ ವಸ್ತುವನ್ನು ಎಷ್ಟು ಒರೆಸಿಟ್ಟರೂ ಅದು ಮೂಕ.

ಆದ್ದರಿಂದ ಸಂಗ್ರಹದ ಹವ್ಯಾಸವುಳ್ಳ ವಾಚಕರಲ್ಲಿ ನನ್ನದೊಂದು ಬಿನ್ನಹ. ಕಪಾಟಿನ ಪಕ್ಕದಲ್ಲಿ ಒಂದು ದಫ್ತರವಿರಲಿ. ವಸ್ತುವಿಗೆ ಅದರ ಮನೆಯಲ್ಲಿ ಏನೆನ್ನುತ್ತಿದ್ದರು, ಯಾವ ಕೆಲಸಕ್ಕೆ ಬಳಸುತ್ತಿದ್ದರು, ಮಾಡಿದವರು ಯಾರು, ಕೊಟ್ಟವರು ಯಾಕೆ ಕೊಟ್ಟರು, ಎಷ್ಟಕ್ಕೆ ಕೊಟ್ಟರು ಎಂಬುದನ್ನು ಕೊಂಡ ದಿನವೇ ಬರೆದಿಡಿ. ಕೊನೆಯ ಎರಡು ಪ್ರಶ್ನೆಗಳನ್ನು ಬರೆಯಲು ಕೈ ಹಿಂಜರಿದರೆ ವಸ್ತುವನ್ನು ಅದರ ಮನೆಯಲ್ಲೇ ಬಿಟ್ಟು ಬರುವುದು ಒಳಿತು. ಹಳಿಯಾಳದ ಕಡೆ ಹೋದಾಗ ಹಳೆಯ ಕೌದಿಗಾಗಿ ಹಟ ಹಿಡಿಯದೆ, ತಕ್ಕ ಬೆಲೆ ಕೊಟ್ಟು ಹೊಸದನ್ನು ಹೊಲಿಸಿಕೊಳ್ಳಿ. ಹೊಲಿದಾಕೆಯ ಹೆಸರನ್ನು ಕೇಳಿ ಬರೆದುಕೊಳ್ಳಿ.