ಆಮ್ಲಜನಕದ ಬೆಲೆ

ಬಾಹ್ಯಾಕಾಶದ ತಂತ್ರದಾಟಗಳಲ್ಲಿ ವ್ಯಾಪಾರ ಸಾಮಾನ್ಯವಾಗಿ ಅಡುಗೆಮನೆಯ ಕೆಲಸ. ಅದು ಸೈನ್ಯಕ್ಕೆ ಹಣ ಒದಗಿಸುತ್ತದೆ. ಗೆಲುವು ಮಾತ್ರ ಯುದ್ಧನೌಕೆಗಳದ್ದು. ವ್ಯಾಪಾರದಿಂದಲೇ ಗೆಲ್ಲುವ ಆಟವನ್ನು ಕಟ್ಟಲು ಸಾಧ್ಯವೆ? ಈ ಪ್ರಶ್ನೆಗೆ ನಾನು ಕಂಡ ಅತ್ಯಂತ ಅಚ್ಚುಕಟ್ಟಾದ ಉತ್ತರ 2016ರಲ್ಲಿ ಬಂದ 'ಆಫ್‌ವರ್ಲ್ಡ್ ಟ್ರೇಡಿಂಗ್ ಕಂಪನಿ'. ಇದರ ವಿನ್ಯಾಸಕ ಸೋರೆನ್ ಜಾನ್ಸನ್, 'ಸಿವಿಲೈಸೇಶನ್ 4'ರ ಮುಖ್ಯ ವಿನ್ಯಾಸಕರೂ ಆಗಿದ್ದವರು.

ಆಟ ನಡೆಯುವುದು ಮಂಗಳ ಗ್ರಹದಲ್ಲಿ. ನೀರು, ಆಹಾರ, ಆಮ್ಲಜನಕ, ಕಬ್ಬಿಣ, ಗಾಜು ಹೀಗೆ 13 ಸರಕುಗಳು, ಎಲ್ಲರಿಗೂ ಒಂದೇ ಮಾರುಕಟ್ಟೆ. ನಾವು ಕೊಂಡರೆ ಬೆಲೆ ಏರುತ್ತದೆ, ಮಾರಿದರೆ ಇಳಿಯುತ್ತದೆ. ಇಲ್ಲಿ ಸೈನ್ಯವೇ ಇಲ್ಲ. ಪ್ರತಿಸ್ಪರ್ಧಿಯ ಷೇರುಗಳನ್ನು ಕೊಂಡು ಅವನ ಕಂಪನಿಯನ್ನೇ ನುಂಗುವುದು ಗೆಲುವು. ಹೀಗಾಗಿ ಬೆಲೆಯೇ ಆಯುಧ. ಇಲ್ಲದ ಕೊರತೆಯನ್ನು ಹುಟ್ಟಿಸಿ ದರ ಏರಿಸುವ ಕಟ್ಟಡವೊಂದು ಕೂಡ ಇದೆ. ಅಂಗಡಿ ಬೀದಿಯ ಗಾಳಿಸುದ್ದಿಗೆ ವಿನ್ಯಾಸಕರು ಗೋಡೆ, ಚಾವಣಿ ಕಟ್ಟಿಕೊಟ್ಟಿದ್ದಾರೆ.

ಒಂದು ರಾತ್ರಿ ಪ್ರಬಂಧದ ಅಧ್ಯಾಯ ಮುಚ್ಚಿಟ್ಟು ಗೆಳೆಯನ ಜೊತೆ ಆಡಲು ಕೂತೆ. ಅವನಿಗೆ ಆಮ್ಲಜನಕದ ಘಟಕ ಇರಲಿಲ್ಲ. ನಾನು ಮಾರುಕಟ್ಟೆಯಲ್ಲಿದ್ದದ್ದನ್ನು ಕೊಳ್ಳುತ್ತಾ ಹೋದೆ. ದರ ಏರಿತು. ಅವನ ಕೆಲಸಗಾರರಿಗೆ ಬೇಕಾದ ಗಾಳಿ ದುಬಾರಿಯಾಯಿತು, ಸಾಲ ಬೆಳೆಯಿತು, ಸಾಲದ ಭಾರಕ್ಕೆ ಷೇರು ಕುಸಿಯಿತು. ಕುಸಿದ ಷೇರನ್ನು ನಾನು ಕೊಂಡೆ. ಅರ್ಧ ಗಂಟೆಯೊಳಗೆ ಆಟ ಮುಗಿಯಿತು. ಗೆದ್ದ ಖುಷಿಯಲ್ಲಿ ಮಲಗಿದವನಿಗೆ ನಿದ್ದೆ ಬರಲಿಲ್ಲ. ಉಸಿರಾಡುವ ಗಾಳಿಯನ್ನು ನಾನು ಒಂದು ಗೆರೆಯ ಏರಿಳಿತವಾಗಿ ಮಾತ್ರ ನೋಡಿದ್ದೆ. ಈ ಆಟದಲ್ಲಿ ಆಮ್ಲಜನಕವಿಲ್ಲದೆ ಯಾರೂ ಸಾಯುವುದಿಲ್ಲ. ಸಾಲ ಬೆಳೆಯುತ್ತದೆ, ಅಷ್ಟೆ.

ಇದು ವಿನ್ಯಾಸದ ದೋಷ ಎಂದು ನಾನು ಹೇಳುತ್ತಿಲ್ಲ. ಬಂದೂಕು ತೆಗೆದ ಮಾತ್ರಕ್ಕೆ ಹಿಂಸೆ ಹೋಗುವುದಿಲ್ಲ ಎಂಬುದನ್ನು ಈ ಆಟದಷ್ಟು ಚುರುಕಾಗಿ ತೋರಿಸಿದ ಕೃತಿಗಳು ಕಡಿಮೆ. ನನ್ನ ತಕರಾರು ಅದರ ಲೆಕ್ಕದ ಪುಸ್ತಕದ ಬಗ್ಗೆ. ಅದರಲ್ಲಿ ಕಂಪನಿಗಳಿಗೆ ಮಾತ್ರ ಪುಟಗಳಿವೆ, ಊರಿಗೆ ಇಲ್ಲ.

ಊರಿಗೂ ಒಂದು ಪುಟ ಇಟ್ಟ ಆಟ ಮೊದಲೇ ಬಂದಿತ್ತು. 1983ರಲ್ಲಿ ಡ್ಯಾನಿಯೆಲ್ ಬಂಟನ್ ಬೆರಿ ವಿನ್ಯಾಸಗೊಳಿಸಿದ 'ಮ್ಯೂಲ್' ಅದು. ಜಾನ್ಸನ್ ತಮ್ಮ ಆಟಕ್ಕೆ ಪ್ರೇರಣೆ ಎಂದು ಒಪ್ಪಿಕೊಂಡಿರುವುದೂ ಇದನ್ನೇ. ಇರಾಟಾ ಎಂಬ ಗ್ರಹದಲ್ಲಿ ನಾಲ್ವರು ವಲಸಿಗರು ಜಮೀನು ಹಿಡಿದು, ಹೇಸರಗತ್ತೆಯಂಥ ಯಂತ್ರಗಳಿಂದ ದುಡಿಸಿ, ಹರಾಜಿನಲ್ಲಿ ಕೊಟ್ಟು ಕೊಳ್ಳುತ್ತಾರೆ. ಆಹಾರ ಕಡಿಮೆಯಾದರೆ ಮುಂದಿನ ಸರದಿಯಲ್ಲಿ ಕೆಲಸಕ್ಕೆ ಸಿಗುವ ಸಮಯ ಕಡಿಮೆಯಾಗುತ್ತದೆ. ಅದೃಷ್ಟದ ಘಟನೆಗಳು ಮುಂದಿರುವವನಿಗೆ ಒಲಿಯುವುದಿಲ್ಲ, ದುರದೃಷ್ಟದವು ಕೊನೆಯಲ್ಲಿರುವವನನ್ನು ಮುಟ್ಟುವುದಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಕೊನೆಗೆ ಆಟ ಎರಡು ಸಂಗತಿ ಹೇಳುತ್ತದೆ: ಯಾರು ಮೊದಲು ಬಂದರು, ಮತ್ತು ಎಲ್ಲರ ಸಂಪತ್ತನ್ನು ಕೂಡಿದಾಗ ವಸಾಹತು ಬದುಕಿತೆ ಇಲ್ಲವೆ.

ಇಲ್ಲೂ ಕಾಳಸಂತೆ ಮಾಡಬಹುದು. ನಾನೂ ಮಾಡಿದ್ದೇನೆ. ಆಹಾರ ಕೂಡಿಟ್ಟು, ಹರಾಜಿನಲ್ಲಿ ಬೆಲೆ ಇಳಿಸದೆ ಕೂತು, ಪಕ್ಕದವನ ಸರದಿ ಕ್ಷಣದಲ್ಲಿ ಮುಗಿಯುವುದನ್ನು ನೋಡಿದ್ದೇನೆ. ಆದರೆ ಅವನ ಹೊಲ ಪಾಳು ಬಿದ್ದಷ್ಟೂ ಒಟ್ಟು ಮೊತ್ತ ಇಳಿಯಿತು. ನಾನು ಮೊದಲಿಗನಾದೆ, ವಸಾಹತು ಸೋತಿತು. ಆ ಕೊನೆಯ ಪರದೆಯನ್ನು ನನ್ನ ಗೆಲುವು ಎಂದು ಓದಲು ಎಷ್ಟು ಪ್ರಯತ್ನಿಸಿದರೂ ಆಗಲಿಲ್ಲ.

ಆಟವಾಗಿ 'ಆಫ್‌ವರ್ಲ್ಡ್' ಹೆಚ್ಚು ಬಿಗಿ. ಒಂದು ಕ್ಷಣವೂ ಸಡಿಲವಾಗದು. 'ಮ್ಯೂಲ್' ನಿಧಾನ, ಅದರ ಚಿತ್ರಗಳು ಒರಟು. ಆದರೂ ಆರ್ಥಿಕ ಗೆಲುವನ್ನು ರೂಪಿಸುವವರು ಕೇಳಬೇಕಾದ ಪ್ರಶ್ನೆಯನ್ನು ಹಳೆಯ ಆಟವೇ ಸರಿಯಾಗಿ ಕೇಳಿತ್ತು. ಹಣ ಗಳಿಸುವ ದಾರಿಯನ್ನು ಯಾರು ಬೇಕಾದರೂ ರೋಚಕ ಮಾಡಬಹುದು. ಆ ದಾರಿಯಲ್ಲಿ ಕಳೆದುಹೋದದ್ದನ್ನು ಯಾವ ಅಂಕಣದಲ್ಲಿ ಬರೆಯುತ್ತೀರಿ ಎಂಬುದು ಕಷ್ಟದ ಕೆಲಸ. ಈಗಲೂ ನಾನು ಮಂಗಳಕ್ಕೆ ಹೋಗುತ್ತೇನೆ. ಆಮ್ಲಜನಕ ಕೊಳ್ಳುವ ಮೊದಲು ಮಾತ್ರ ಒಮ್ಮೆ ಕೈ ತಡೆಯುತ್ತದೆ.