ಸೊಟ್ಟ ಮರಗಳ ಪರವಾಗಿ

ಅಮೆರಿಕದ ವಾಯುವ್ಯ ಅರಣ್ಯ ಯೋಜನೆ 1994ರಲ್ಲಿ ಜಾರಿಗೆ ಬಂದದ್ದು ಒಂದು ಗೂಬೆಯ ದೆಸೆಯಿಂದ. ವಾಷಿಂಗ್ಟನ್, ಒರೆಗಾನ್, ಉತ್ತರ ಕ್ಯಾಲಿಫೋರ್ನಿಯಾದ ಸುಮಾರು 2.4 ಕೋಟಿ ಎಕರೆ ಸರ್ಕಾರಿ ಜಮೀನು ಆಗ ಅದರ ವ್ಯಾಪ್ತಿ. ಗೂಬೆಯ ಗದ್ದಲದಲ್ಲಿ 'ಸರ್ವೇ ಅಂಡ್ ಮ್ಯಾನೇಜ್' ಎಂಬ ಷರತ್ತೂ ಒಳಗೆ ಸೇರಿಕೊಂಡಿತು. ಸುಮಾರು 400 ಜೀವಿಗಳ ಪಟ್ಟಿ ಅದು. ಮರ ಕಡಿಯುವ ಮೊದಲು ಅವುಗಳಲ್ಲಿ ಹಲವನ್ನು ಹುಡುಕಲೇಬೇಕು, ಸಿಕ್ಕರೆ ಆ ಜಾಗಕ್ಕೆ ಕೈ ಹಚ್ಚುವಂತಿಲ್ಲ. ಅಣಬೆ, ಬಸವನಹುಳು, ಹಾವಸೆಗಳ ಜೊತೆ ಮರದ ಮೇಲಿನ ಕಲ್ಲುಹೂವುಗಳೂ ಪಟ್ಟಿ ಸೇರಿದವು. ಮಸಾಲೆ ಡಬ್ಬಿಯ ಕಲ್ಲುಹೂವಿಗೆ ಇವು ದೂರದ ನೆಂಟರು.

ಈ ಷರತ್ತಿನ ದೊಡ್ಡ ಗುಣವನ್ನು ಮೊದಲು ಹೇಳಿಬಿಡಬೇಕು. ಮರದ ಲೆಕ್ಕ ಬಿಟ್ಟು ಬೇರೇನೂ ನೋಡದ ಇಲಾಖೆಯವರು ತೊಗಟೆಯನ್ನು ನೋಡುವಂತಾಯಿತು. ಹುಡುಕಿದಾಗ ಕೆಲವು ಜೀವಿಗಳು ಅಂದುಕೊಂಡಷ್ಟು ಅಪರೂಪವಲ್ಲವೆಂದು ಗೊತ್ತಾಗಿ ಪಟ್ಟಿಯಿಂದ ಹೊರಬಿದ್ದವು, ಅದೂ ಲಾಭವೇ. ಸ್ಯೂಡೋಸೈಫೆಲೇರಿಯಾ ರೈನಿಯರೆನ್ಸಿಸ್‌ನಂಥ ನಿಜಕ್ಕೂ ವಿರಳವಾದ ಕಲ್ಲುಹೂವಿಗೆ ಸಿಕ್ಕ ಒಂದೊಂದು ಮರವೂ ಮುಖ್ಯ.

ಆದರೆ ಇದರ ಹಿಂದಿನ ತರ್ಕ ನನಗೆ ಅರೆಬರೆ ಅನ್ನಿಸುತ್ತದೆ. ನಕ್ಷೆಯಲ್ಲಿ ಒಂದು ಚುಕ್ಕೆ, ಸುತ್ತ ಒಂದು ಗೆರೆ, ಅಲ್ಲಿಗೆ ಕೆಲಸ ಮುಗಿಯಿತು. ಕಲ್ಲುಹೂವಿನ ಬಾಳು ಹಾಗೆ ಚುಕ್ಕೆಯೊಳಗೆ ನಿಲ್ಲುವುದಿಲ್ಲ.

ಲೋಬೇರಿಯಾ ಒರೆಗಾನಾವನ್ನೇ ನೋಡಿ. ಇದು ಅಪರೂಪದ್ದಲ್ಲ, ಆದರೆ ಹಳೆಯ ಕಾಡಿಗೆ ಅಂಟಿಕೊಂಡದ್ದು. ಡಗ್ಲಸ್ ಫರ್ ಮರಗಳ ಎತ್ತರದ ಕೊಂಬೆಗಳಲ್ಲಿ, ಲೆಟ್ಯೂಸ್ ಸೊಪ್ಪಿನಂತೆ ಅಂಚು ಮಡಚಿಕೊಂಡು ಬೆಳೆಯುತ್ತದೆ. ಬಿಸಿಲಿಗೆ ಪೇಲವವಾಗಿ ಗರಿಗರಿ, ಮಳೆ ಬಿದ್ದೊಡನೆ ಹಸಿರೇರಿ ಮೆತ್ತಗೆ. 1970ರ ಹೊತ್ತಿಗೆ ವಿಲಿಯಂ ಡೆನಿಸನ್ ಮತ್ತು ಸಂಗಡಿಗರು ಎಚ್. ಜೆ. ಆಂಡ್ರೂಸ್ ಪ್ರಾಯೋಗಿಕ ಅರಣ್ಯದಲ್ಲಿ ಹಗ್ಗ ಹಿಡಿದು ಮರದ ನೆತ್ತಿಗೇ ಹತ್ತಿದ ಮೇಲೆ ಅದರ ಮಹತ್ವ ತಿಳಿಯುತ್ತಾ ಹೋಯಿತು. ಅದರೊಳಗಿನ ನಾಸ್ಟಾಕ್ ಬ್ಯಾಕ್ಟೀರಿಯಾ ಗಾಳಿಯ ಸಾರಜನಕವನ್ನು ಹಿಡಿಯುತ್ತದೆ. ಬಿರುಗಾಳಿಗೆ ಉದುರಿ ಕೊಳೆತರೆ ಅದೇ ನೆಲಕ್ಕೆ ಗೊಬ್ಬರ. ಹೆಕ್ಟೇರಿಗೆ ವರ್ಷಕ್ಕೆ 16 ಕಿಲೋವರೆಗೂ ಸಾರಜನಕ ಎಂಬ ಅಂದಾಜಿದೆ.

ನೂರು ವರ್ಷ ತುಂಬದ ಕಾಡಿನಲ್ಲಿ ಇದು ಕಾಣಸಿಗುವುದೇ ಕಷ್ಟ. ಎಳೆಯ ಮರ ಅದಕ್ಕೆ ಒಗ್ಗದು ಎಂದೇ ಯಾರಿಗಾದರೂ ತೋರುತ್ತದೆ. ಸ್ಟೀಫನ್ ಸಿಲೆಟ್, ಬ್ರೂಸ್ ಮೆಕ್ಯೂನ್ ಮೊದಲಾದವರು 2000ದಲ್ಲಿ ಪ್ರಕಟಿಸಿದ ಪ್ರಯೋಗ ಈ ಊಹೆಯನ್ನು ತಲೆಕೆಳಗು ಮಾಡಿತು. ಚೂರುಗಳನ್ನು ತಂದು ಬಿತ್ತಿದರೆ ಎಳೆಯ ಮರದಲ್ಲೂ ಅದು ಕಚ್ಚಿಕೊಂಡು ಬೆಳೆಯಿತು. ಅಂದರೆ ಕೊರತೆ ಜಾಗದ್ದಲ್ಲ, ತಲುಪುವ ದಾರಿಯದು. ಮುರಿದು ಬಿದ್ದ ಚೂರಿನಿಂದ ಹಬ್ಬುವ ಜೀವಿ ಎಷ್ಟು ದೂರ ಹೋದೀತು?

ಹಾಗಾದರೆ ಕೇಳಬೇಕಾದ್ದು ಎಷ್ಟು ಮರ ಉಳಿಯಿತು ಎಂದಷ್ಟೇ ಅಲ್ಲ, ಯಾವುದು, ಎಲ್ಲಿ ಎಂದು. ಕಡಿತಕ್ಕೆ ಬಿಟ್ಟ ಜಾಗಗಳಲ್ಲಿ ಶೇ. 15ರಷ್ಟನ್ನು ಉಳಿಸಬೇಕೆಂಬ ಯೋಜನೆಯ ಇನ್ನೊಂದು ನಿಯಮ ಮೊದಲ ಪ್ರಶ್ನೆಯಲ್ಲೇ ಹೆಚ್ಚು ಮುಳುಗಿದೆ. ಒರೆಗಾನಿನ ಎಳೆಯ ಕಾಡುಗಳಲ್ಲಿ ನೀಟ್ಲಿಕ್ ಮತ್ತು ಮೆಕ್ಯೂನ್ ಕಂಡದ್ದು ನನ್ನ ಮಟ್ಟಿಗೆ ಆ ಶೇಕಡಾವಾರಿಗಿಂತ ಬೆಲೆಯುಳ್ಳದ್ದು. ಕಲ್ಲುಹೂವಿನ ವೈವಿಧ್ಯ ಗುಂಪುಗೂಡುವುದು ಬಿಸಿಲು ಬೀಳುವ ತೆರಪುಗಳಲ್ಲಿ, ಅಗಲೆಲೆಯ ಮರಗಳಲ್ಲಿ, ಹಿಂದಿನ ಕಾಡಿನಿಂದ ಉಳಿದ ಮುದಿ ಮರಗಳಲ್ಲಿ, ಬುಡದ ತನಕ ದಪ್ಪ ಕೊಂಬೆ ಚಾಚಿದ ಒರಟು ಮರಗಳಲ್ಲಿ. ದಿಮ್ಮಿಯ ಕಣ್ಣಿನಲ್ಲಿ ಇವೆಲ್ಲ ಕಳೆ. ಒತ್ತಾಗಿ ಬೆಳೆದದ್ದನ್ನು ಬಿಡಿಸಿ ಕಡಿಯುವ ಥಿನ್ನಿಂಗ್‌ನಲ್ಲಿ ನೆಟ್ಟಗಿನ ಮರಕ್ಕೆ ಎಡೆ ಮಾಡಿಕೊಡಲು ಮೊದಲು ಕೊಡಲಿ ಬೀಳುವುದೂ ಇವುಗಳಿಗೇ.

ಥಿನ್ನಿಂಗನ್ನು ನಾನು ವಿರೋಧಿಸುತ್ತಿಲ್ಲ. ಒಂದೇ ವಯಸ್ಸಿನ ಕತ್ತಲ ನೆಡುತೋಪನ್ನು ಸಡಿಲಿಸಿದರೆ ಬೆಳಕು ಬರುತ್ತದೆ. ಮೀಸಲು ಪ್ರದೇಶದೊಳಗೂ 80 ವರ್ಷದೊಳಗಿನ ಮರಗಳಲ್ಲಿ ಯೋಜನೆ ಇದನ್ನು ಒಪ್ಪಿರುವುದು ಹಳೆಯ ಕಾಡಿನ ಲಕ್ಷಣ ಬೇಗ ಬರಲೆಂದೇ. ಎಡವಟ್ಟಾದದ್ದು ಬೇರೆಡೆ. ಸರ್ವೇ ಷರತ್ತಿನ ವ್ಯಾಜ್ಯ ವರ್ಷಗಟ್ಟಲೆ ನಡೆದು, 2006ರಲ್ಲಿ ಕೋರ್ಟು ಇದೇ 80 ವರ್ಷದೊಳಗಿನ ಕಾಡಿನ ಥಿನ್ನಿಂಗನ್ನು ಸರ್ವೇಯಿಂದ ಹೊರಗಿಟ್ಟಿತು. ರಾಜಿಯಾಗಿ ಅದು ಅರ್ಥವಾಗುವಂಥದ್ದೇ: ಹಳೆಯ ಮರಕ್ಕಾಗಿ ಹೋರಾಡುತ್ತಿದ್ದವರಿಗೆ ಎಳೆಯದು ಬಿಟ್ಟುಕೊಡಬಹುದಾದ ಪಾಲು. ಆದರೆ ಕಲ್ಲುಹೂವು ಇನ್ನು ಮುಂದೆ ಹಬ್ಬಬೇಕಾದ್ದು ಆ ಎಳೆಯ ಕಾಡಿಗೇ. ಅಲ್ಲಿ ಉಳಿದ ನಾಲ್ಕಾರು ಸೊಟ್ಟ ಮರಗಳನ್ನು ಹುಡುಕಿ ಗುರುತು ಹಾಕಲು ಆ ಷರತ್ತಿನಡಿ ಈಗ ಯಾರಿಗೂ ಬಾಧ್ಯತೆಯಿಲ್ಲ.