ಕತ್ತಿಯ ಹತ್ತು ಎಲೆಗಳು

‘ದಿ ಮಿಥಿಕ್ ಟ್ಯಾರೋ’ 1986ರಲ್ಲಿ ಪ್ರಕಟವಾದ ಚಿತ್ರದೆಲೆಗಳ ಕಟ್ಟು ಮತ್ತು ಅದರ ಕೈಪಿಡಿ. ಲಿಜ್ ಗ್ರೀನ್ ಮತ್ತು ಜೂಲಿಯೆಟ್ ಶಾರ್ಮನ್-ಬರ್ಕ್ ಅದನ್ನು ರೂಪಿಸಿದರು; ಚಿತ್ರ ಬರೆದವರು ಟ್ರಿಸಿಯಾ ನ್ಯೂವೆಲ್. ಭವಿಷ್ಯ ಕೇಳುವ ಎಲೆಗಳನ್ನು ತನ್ನ ಮನಸ್ಸನ್ನು ತಾನೇ ಅರಿಯುವ ಸಾಧನವಾಗಿಸಿತೆಂದು ಅದಕ್ಕೆ ದೊಡ್ಡ ಹೆಸರು. 78 ಎಲೆಗಳಲ್ಲಿ 22 ಹಿರಿಯ ಎಲೆಗಳು ಗ್ರೀಕ್ ದೇವತೆಗಳಿಗೂ ಪುರಾಣಪುರುಷರಿಗೂ ಮೀಸಲು. ಉಳಿದ ನಾಲ್ಕು ಜಾತಿಗಳಿಗೆ ನಾಲ್ಕು ಕಥೆ: ಬಟ್ಟಲಿಗೆ ಈರೋಸ್ ಮತ್ತು ಸೈಕಿ, ಕೋಲಿಗೆ ಜೇಸನ್, ಕತ್ತಿಗೆ ಒರೆಸ್ಟೀಸ್, ನಾಣ್ಯಕ್ಕೆ ಡೀಡಲಸ್. ಮೆಚ್ಚುವವರು ಹೆಚ್ಚು ಕೊಂಡಾಡುವುದು ಈ ನಾಲ್ಕು ಕಥೆಗಳ ಏರ್ಪಾಟನ್ನು. ಕಟ್ಟು ಸಡಿಲವಾಗಿರುವುದೂ ಅಲ್ಲಿಯೇ.

ಹಿರಿಯ ಎಲೆಗಳ ಬಗ್ಗೆ ತಕರಾರು ಕಡಿಮೆ. ಜಾದೂಗಾರನ ಜಾಗಕ್ಕೆ ಹರ್ಮೀಸ್, ಮಹಾರಾಣಿಯ ಜಾಗಕ್ಕೆ ಡಿಮೀಟರ್, ನೇತುಬಿದ್ದವನ ಜಾಗಕ್ಕೆ ಪ್ರೊಮೀಥಿಯಸ್ ಸಲೀಸಾಗಿ ಬಂದು ಕೂರುತ್ತಾರೆ. ನಕ್ಷತ್ರದ ಎಲೆಯಲ್ಲಿ ಪಂಡೋರಾಳನ್ನು ಕೂರಿಸಿದ್ದು ನಿಜವಾದ ಜಾಣತನ: ಪೀಡೆಗಳೆಲ್ಲ ಹಾರಿಹೋದ ಮೇಲೂ ಪಾತ್ರೆಯ ತಳದಲ್ಲಿ ಉಳಿದ ಆಸೆ ಆ ಎಲೆಯ ಹಳೆಯ ಅರ್ಥವನ್ನು ಒಮ್ಮೆಗೇ ಹರಿತಗೊಳಿಸುತ್ತದೆ.

ಕತ್ತಿಯ ಜಾತಿಯಲ್ಲಿ ಸಂಗತಿ ಬೇರೆ. ತಂದೆ ಅಗಮೆಮ್ನಾನ್‌ನನ್ನು ಕೊಂದ ತಾಯಿ ಕ್ಲೈಟೆಮ್‌ನೆಸ್ಟ್ರಾಳನ್ನು ಒರೆಸ್ಟೀಸ್ ಕೊಲ್ಲುವ ಅದರ ಕಥೆಯ ಮಹಾರೂಪ ಕ್ರಿ.ಪೂ. 458ರಲ್ಲಿ ಅಥೆನ್ಸಿನಲ್ಲಿ ಆಡಿದ ಈಸ್ಕಿಲಸ್‌ನ ನಾಟಕತ್ರಯ. ಎಲೆಗಳ ಅನುಕ್ರಮ ಮಾತ್ರ ಆ ನಾಟಕಗಳದಲ್ಲ, 1909ರಲ್ಲಿ ಎ.ಇ. ವೇಟ್ ಹೇಳಿ ಪಮೇಲಾ ಕೋಲ್ಮನ್ ಸ್ಮಿತ್ ಬರೆದ ಕಟ್ಟಿನದು. ಸ್ಮಿತ್‌ರ ಎರಡನೆಯ ಕತ್ತಿಯಲ್ಲಿ ಕಣ್ಣಿಗೆ ಬಟ್ಟೆ ಕಟ್ಟಿಕೊಂಡ ಹೆಂಗಸಿದ್ದಾಳೆ. ಇಲ್ಲಿ ಜಗಳವಾಡುವ ತಂದೆತಾಯಿಯ ನಡುವೆ ಒರೆಸ್ಟೀಸ್ ಕಣ್ಣು ಮುಚ್ಚಿ ನಿಂತಿದ್ದಾನೆ. ಅಲ್ಲಿ ನಾಲ್ಕನೆಯದು ಮಲಗಿದ ಯೋಧನ ಶಿಲ್ಪ. ಇಲ್ಲಿ ಅದು ಫೋಸಿಸ್‌ನ ವನವಾಸ, ಅಂದರೆ ವಿಶ್ರಾಂತಿ! ಅಲ್ಲಿ ಏಳನೆಯದರಲ್ಲಿ ಕತ್ತಿ ಕದ್ದು ಜಾರುವವನು. ಇಲ್ಲಿ ಅರಮನೆಗೆ ಕಳ್ಳಹೆಜ್ಜೆ ಇಡುವ ಒರೆಸ್ಟೀಸ್.

ಆರನೆಯ ಎಲೆಯನ್ನು ತುಸು ಹತ್ತಿರದಿಂದ ನೋಡಬೇಕು. ಅದರಲ್ಲಿ ಒರೆಸ್ಟೀಸ್ ದೋಣಿಯಲ್ಲಿ ಆರ್ಗೋಸ್‌ಗೆ ಮರಳುತ್ತಾನೆ. ಈಸ್ಕಿಲಸ್‌ನಲ್ಲಿ ಅವನು ಬರುವುದು ಗಂಟು ಹೊತ್ತ ದಾರಿಹೋಕನ ವೇಷದಲ್ಲಿ, ತನ್ನದೇ ಸಾವಿನ ಸುಳ್ಳು ಸುದ್ದಿ ಹಿಡಿದು. ದೋಣಿ ಎಲ್ಲಿಂದ ಬಂತು? ಸ್ಮಿತ್‌ರ ಆರನೆಯ ಕತ್ತಿಯಲ್ಲಿ ಅಂಬಿಗನೊಬ್ಬ ಜನರನ್ನು ಹೊಳೆ ದಾಟಿಸುತ್ತಿದ್ದಾನೆ, ಅಲ್ಲಿಂದ. ಹೀಗೆ ಪುರಾಣ ಎಲೆಯ ಅರ್ಥವನ್ನು ಬೆಳಗುವ ಬದಲು ಮೊದಲೇ ನಿಗದಿಯಾದ ಅರ್ಥಕ್ಕೆ ಅಂಗಿ ತೊಡಿಸುತ್ತದೆ. ತಾಯಿಯನ್ನು ಕೊಲ್ಲಹೊರಟವನ ಬಾಯಲ್ಲಿ ಅವನದೇ ಮರಣವಾರ್ತೆ ಇರುವುದು ಮನಶ್ಶಾಸ್ತ್ರಕ್ಕೆ ಎಂಥ ಗಣಿ! ಅದು ಕೈಬಿಟ್ಟು, ಶಾಂತವಾದ ನೀರು ಸಿಕ್ಕಿದೆ.

ಇದಕ್ಕಿಂತ ದೊಡ್ಡ ಕೊರತೆ ಕ್ಲೈಟೆಮ್‌ನೆಸ್ಟ್ರಾಳದು. ಮೂರನೆಯ ಎಲೆ ಅಗಮೆಮ್ನಾನ್‌ನ ಕೊಲೆಯನ್ನು ತೋರಿಸುತ್ತದೆ. ಅವಳು ಕೊಂದದ್ದೇಕೆ ಎಂಬುದಕ್ಕೆ ಈಸ್ಕಿಲಸ್‌ನಲ್ಲಿ ಅವಳೇ ಕೊಡುವ ದೊಡ್ಡ ಉತ್ತರ ಇಫಿಜೀನಿಯಾ, ಹಡಗುಗಳಿಗೆ ಗಾಳಿ ಬೀಸಲೆಂದು ತಂದೆಯೇ ಬಲಿಕೊಟ್ಟ ಮಗಳು. ಹತ್ತು ಎಲೆಗಳಲ್ಲಿ ಆ ಮಗಳಿಗೊಂದು ಎಲೆಯಿಲ್ಲ. ಹತ್ತನೆಯದು ತಾಯಿಯನ್ನು ಕೊಂದ ಒರೆಸ್ಟೀಸ್‌ನ ಮೊಕದ್ದಮೆಯಲ್ಲಿ ಅಥೀನಾಳ ತೀರ್ಪು, ಮನೆತನದ ಶಾಪದ ಕೊನೆ. ಮತಗಳು ಸಮವಾದಾಗ ಒರೆಸ್ಟೀಸ್ ಬಿಡುಗಡೆಯಾದದ್ದು, ಹೆತ್ತವಳು ಬೀಜಕ್ಕೆ ಆಸರೆಯಷ್ಟೇ ಎಂಬ ಅಪೊಲೊನ ವಾದದ ಬೆನ್ನಿಗೆ, ತಾಯಿಯಿಲ್ಲದೆ ಹುಟ್ಟಿದ ದೇವತೆಯ ಮತದಿಂದ. ಇದನ್ನು ಒಳಮನಸ್ಸಿನ ಸಮಾಧಾನವೆಂದು ಓದಿದರೆ ಅರ್ಧ ಮನಸ್ಸು ಮಾತಾಡದೆಯೇ ಮೊಕದ್ದಮೆ ಮುಗಿದಂತೆ.

ಕಟ್ಟನ್ನು ಟೀಕಿಸುವವರು ಸಾಮಾನ್ಯವಾಗಿ ಈ ಗಂಟಿಗೆ ಕೈ ಹಾಕುವುದಿಲ್ಲ. ಅವರ ಆಸರೆ ತತ್ವಜ್ಞ ಮೈಕೇಲ್ ಡಮ್ಮೆಟ್‌ನ 1980ರ ‘ದಿ ಗೇಮ್ ಆಫ್ ಟ್ಯಾರೋ’: ಈ ಎಲೆಗಳು 15ನೆಯ ಶತಮಾನದ ಉತ್ತರ ಇಟಲಿಯಲ್ಲಿ ಆಟಕ್ಕೆಂದು ಹುಟ್ಟಿದವು, ಅವು ಈಜಿಪ್ಟಿನ ಗುಪ್ತಜ್ಞಾನವೆಂಬ ಕಥೆಯನ್ನು 1781ರಲ್ಲಿ ಕೂರ್ ದ ಜೆಬೆಲಿನ್ ಹರಡಿದ. ಮಾತು ನಿಜ, ಆದರೆ ಇಲ್ಲಿ ಅದಕ್ಕೆ ಕೆಲಸವಿಲ್ಲ. ಇಸ್ಪೀಟಾಗಿ ಹುಟ್ಟಿದ್ದು ಕನ್ನಡಿಯಾಗಬಾರದೆಂದೇನೂ ಇಲ್ಲ. ಪ್ರಾಚೀನತೆಯೇ ಅಳತೆಗೋಲಾದರೆ ಈರೋಸ್-ಸೈಕಿಯ ಕಥೆಯೂ ಕಷ್ಟಕ್ಕೆ ಬೀಳುತ್ತದೆ. ಅದು ಪೂರ್ಣವಾಗಿ ಸಿಗುವುದು ಕ್ರಿ.ಶ. 2ನೆಯ ಶತಮಾನದ ಅಪುಲಿಯಸ್‌ನ ಲ್ಯಾಟಿನ್ ಕಾದಂಬರಿಯಲ್ಲಿ. ಮನಶ್ಶಾಸ್ತ್ರಜ್ಞ ಯೂಂಗ್‌ನ ಹಾದಿಯ ಅಭಿಮಾನಿಗಳ ಉತ್ತರವೂ ಅಷ್ಟೇ ಸೋಮಾರಿ: ಎಲ್ಲವೂ ಮೂಲಮಾದರಿ ಎಂದುಬಿಟ್ಟರೆ ತಪ್ಪಾಗಿ ಕೂತ ಚಿತ್ರ ಎಂಬುದೇ ಉಳಿಯುವುದಿಲ್ಲ.

ಯಾರೂ ಹೆಚ್ಚು ಮಾತಾಡದ ನಾಣ್ಯದ ಜಾತಿಗೆ ಹೆಚ್ಚಿನ ಗೌರವ ಸಲ್ಲಬೇಕು. ಡೀಡಲಸ್ ಕೈಕಸುಬಿನವನು, ತನಗಿಂತ ಚುರುಕಾದ ಸೋದರಳಿಯನನ್ನು ಹೊಟ್ಟೆಕಿಚ್ಚಿಗೆ ಕೊಂದು, ಕ್ರೀಟ್‌ನ ದೊರೆ ಮೈನಾಸ್‌ನ ಬಳಿ ಕೆಲಸ ಹಿಡಿದು, ಅವನಿಗೆ ಚಕ್ರವ್ಯೂಹವನ್ನೂ ಅವನ ರಾಣಿಗೆ ಮರದ ಹಸುವನ್ನೂ ಕಟ್ಟಿಕೊಟ್ಟವನು. ಕೆಲಸ, ಕೂಲಿ, ಒಡೆಯನ ಮರ್ಜಿ, ಕಸುಬಿನ ಸೊಕ್ಕು ನಾಣ್ಯದ ಎಲೆಗಳ ಹಳೆಯ ವಿಷಯಗಳೇ ಆದ್ದರಿಂದ ಇಲ್ಲಿ ಕಥೆಗೆ ದೋಣಿ ಬಾಡಿಗೆಗೆ ತರಬೇಕಾಗಿಲ್ಲ. ಡೀಡಲಸ್‌ನನ್ನು ಕೊನೆಗೆ ನಿರ್ದೋಷಿಯೆಂದು ಸಾರಲು ಅಥೀನಾಳೂ ಬರುವುದಿಲ್ಲ.